ಖಾಲಿ ಕ್ಯಾರಿಯರ್

ನಮ್ಮೂರಲ್ಲಿ ಸೈಕಲ್ ಒಬ್ಬರನ್ನೇ ಹೊತ್ತುಕೊಂಡು ಹೋಗುವುದಿಲ್ಲ. ಹಿಂದೆ ಕ್ಯಾರಿಯರ್ ಮೇಲೆ ಇನ್ನೊಬ್ಬರು ಕೂತರೆ ಮಾತ್ರ ಚಕ್ರ ಉರುಳುತ್ತದೆ, ಇಲ್ಲದಿದ್ದರೆ ಪೆಡಲ್ ಮೇಲೆ ನಿಂತು ಕುಣಿದರೂ ಇಲ್ಲ. ಹೊರಗಿನಿಂದ ಬಂದವರು ಮೊದಲು ಚೈನಿಗೆ ಎಣ್ಣೆ ಬಿಡುತ್ತಾರೆ, ಆಮೇಲೆ ಬೈಯುತ್ತಾರೆ, ಆಮೇಲೆ ನಮ್ಮಂತೆಯೇ ಬೀದಿ ಮೂಲೆಯಲ್ಲಿ ನಿಂತು “ಯಾರಾದ್ರೂ ಪೇಟೆ ಕಡೆ ಬರ್ತೀರಾ?” ಅಂತ ಕೂಗುತ್ತಾರೆ. ಪೋಸ್ಟ್‌ಮ್ಯಾನ್ ತನ್ನ ತಾಯಿಯನ್ನು ಕೂರಿಸಿಕೊಂಡು ಕಾಗದ ಹಂಚುತ್ತಾನೆ. ಯಾರ ಮನೆಗೆ ಎಲ್ಲಿಂದ ಕಾಗದ ಬಂತು ಅನ್ನುವುದು ಆ ಮುದುಕಿಗೆ ಬಾಯಿಪಾಠ. ಗಂಡ ಹೆಂಡತಿ ಮಾತು ಬಿಟ್ಟಿದ್ದರೂ ಸಂತೆಗೆ ಒಂದೇ ಸೈಕಲ್ಲಲ್ಲಿ ಹೋಗಬೇಕು. ಬರುವಷ್ಟರಲ್ಲಿ ಒಂದೋ ರಾಜಿಯಾಗಿರುತ್ತದೆ, ಇಲ್ಲಾ ಒಬ್ಬರು ಸೈಕಲ್ ತಳ್ಳಿಕೊಂಡು ಇನ್ನೊಬ್ಬರು ಹತ್ತು ಮಾರು ಹಿಂದೆ ನಡೆದು ಬರುತ್ತಿರುತ್ತಾರೆ.

ಅಕ್ಕಿ ಮೂಟೆ ಕಟ್ಟಿದರೆ ಆಗುವುದಿಲ್ಲ, ಮೇಕೆ ಕಟ್ಟಿದರೂ ಆಗುವುದಿಲ್ಲ, ಮನುಷ್ಯರೇ ಬೇಕು. ಹಾಲು ಕುಡಿಯುವ ಕೂಸನ್ನು ಎದೆಗೆ ಕಟ್ಟಿಕೊಂಡರೂ ನಡೆಯುತ್ತದೆ. ಅದಕ್ಕೇ ನಮ್ಮಲ್ಲಿ ಕೂಸು ಹುಟ್ಟಿದ ಮನೆಗೆ ಇದ್ದಕ್ಕಿದ್ದಂತೆ ನೆಂಟರು ಜಾಸ್ತಿಯಾಗುತ್ತಾರೆ. ಆದರೆ ಹೆಣವಾದರೆ ನಡೆಯುವುದಿಲ್ಲ. ಇದು ಗೊತ್ತಾದದ್ದು ಬಡಗಿ ಮಾದಯ್ಯನಿಂದ. ಅವನು ಕಾಯಿಲೆಯ ಅಪ್ಪನನ್ನು ಹಿಂದೆ ಕೂರಿಸಿ, ಟವೆಲ್ಲಿನಲ್ಲಿ ತನ್ನ ಸೊಂಟಕ್ಕೆ ಕಟ್ಟಿಕೊಂಡು ಆಸ್ಪತ್ರೆಗೆ ಹೋಗುತ್ತಿದ್ದ. ಗೋಮಾಳದ ಹತ್ತಿರ ಸೈಕಲ್ ತಾನಾಗಿ ನಿಂತುಬಿಟ್ಟಿತು. ಹಿಂದೆ ತಿರುಗಿ ನೋಡುವ ಮೊದಲೇ ಮಾದಯ್ಯ ಅಳಲು ಶುರು ಮಾಡಿದ್ದನಂತೆ.

ಇನ್ನು ನಮ್ಮಂಥ ಹೆಂಗಸರ ವಿಷಯ. ಗಂಡಸರು ಮುಂದೆ, ಹೆಂಗಸರು ಹಿಂದೆ. ಹೀಗೇ ಇರಬೇಕು ಅಂತ ಯಾರೂ ಕಟ್ಟಳೆ ಮಾಡಿರಲಿಲ್ಲ, ಬೇರೆ ಥರ ಇರಬಹುದಲ್ಲ ಅಂತ ಯಾರೂ ಕೇಳಿರಲೂ ಇಲ್ಲ. ನಮ್ಮ ಮನೆಯವರದು ಹಿಟ್ಟಿನ ಗಿರಣಿ, ಹೆಸರು ಚಿಕ್ಕಣ್ಣ. ಮದುವೆಯಾದ ಮಾರನೇ ದಿನದಿಂದ ನಾನು ಅವರ ಹಿಂದೆ ಕೂತು ಗಿರಣಿಗೆ ಹೋಗಿದ್ದೇನೆ, ಬಂದಿದ್ದೇನೆ. ಕ್ಯಾರಿಯರ್ ಮೇಲೆ ಕೂತವರಿಗೆ ಗಾಳಿ ಸಿಗುವುದಿಲ್ಲ, ಬೆನ್ನು ಸಿಗುತ್ತದೆ. ಆ ಬೆನ್ನಿನ ಮೇಲೆ ಎಲ್ಲಿ ಮಚ್ಚೆ ಇದೆ, ಯಾವ ಶರಟಿನ ಹೊಲಿಗೆ ಎಲ್ಲಿ ಬಿಟ್ಟಿದೆ ಅಂತ ಕಣ್ಣು ಮುಚ್ಚಿ ಹೇಳಬಲ್ಲೆ. ನಮಗೆ ಮಕ್ಕಳಾಗಿರಲಿಲ್ಲ. ಊರು ಮೊದಮೊದಲು ಕೇಳಿತು, ಆಮೇಲೆ ಮರುಕಪಟ್ಟಿತು, ಆಮೇಲೆ ಅದಕ್ಕೂ ಬೇಜಾರು ಬಂದು ಸುಮ್ಮನಾಯಿತು. ನಾನೂ ತಿಂಗಳ ಲೆಕ್ಕ ಇಡುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು.

ಹೀಗಿರುವಾಗ ಊರಿನ ಸಿನಿಮಾ ಟೆಂಟಿಗೆ ಒಂದು ಸೈಕಲ್ ಸಿನಿಮಾ ಬಂತು. ಯಾವ ಭಾಷೆಯದೋ, ಯಾವ ದೇಶದ್ದೋ, ಟೆಂಟು ನಡೆಸುವ ನಂಜುಂಡಯ್ಯನಿಗೂ ಗೊತ್ತಿರಲಿಲ್ಲ. ಬೆಟ್ಟದೂರಿನ ಹುಡುಗಿಯೊಬ್ಬಳು ಮನೆಮನೆಗೆ ಬ್ರೆಡ್ಡು ಹಾಕುತ್ತಾಳೆ, ಅಪ್ಪ ಬೇಡವೆಂದರೂ ಕೇಳದೆ ರೇಸಿಗೆ ಹೋಗುತ್ತಾಳೆ, ಬೀಳುತ್ತಾಳೆ, ಮತ್ತೆ ಏಳುತ್ತಾಳೆ, ಕೊನೆಗೆ ಗೆಲ್ಲುತ್ತಾಳೆ. ಕಥೆ ಇಷ್ಟೇ. ಆದರೆ ಅವಳು ಮೊದಲ ಸಲ ಸೈಕಲ್ ಹತ್ತಿ ಹೊರಟಾಗ ಟೆಂಟಿನಲ್ಲಿ ಒಂದು ಕೂಗು ಎದ್ದಿತು. ಯಾರೋ ಎದ್ದು ನಿಂತರು. “ಅಯ್ಯಯ್ಯೋ, ಹಿಂದೆ ಯಾರೂ ಇಲ್ಲ ಕಣ್ರೋ!” ಹಿಂದೆ ಯಾರೂ ಇಲ್ಲದಿರುವುದಿರಲಿ, ಆ ಸೈಕಲ್ಲಿಗೆ ಕ್ಯಾರಿಯರೇ ಇರಲಿಲ್ಲ. ಕೂಸುಗಳು ಅತ್ತವು. ಇಂಟರ್‌ವಲ್ಲಿನಲ್ಲಿ ಗಂಡಸರು ಬೀಡಿ ಹಚ್ಚಿ ತೀರ್ಮಾನ ಕೊಟ್ಟರು. “ಎಲ್ಲಾ ಟ್ರಿಕ್ಕು. ಹನುಮಂತ ಹಾರೋದು ತೋರಿಸಲ್ವಾ, ಹಂಗೇ.”

ನನ್ನ ದಿಗಿಲು ಬೇರೆಯದು. ರೇಸಿಗೆ ಮುಂಚೆ ಒಂದು ದೃಶ್ಯ ಬರುತ್ತದೆ. ಬ್ರೆಡ್ಡೆಲ್ಲ ಹಂಚಿಯಾದ ಮೇಲೆ ಆ ಹುಡುಗಿ ಇಳಿಜಾರಿನಲ್ಲಿ ಪೆಡಲ್ ಬಿಟ್ಟು, ಕಾಲು ಅಗಲಿಸಿ, ಬಾಯಿ ತೆರೆದು ನಗುತ್ತಾ ಇಳಿಯುತ್ತಾಳೆ. ಅವಳ ಕೂದಲು, ಕುಪ್ಪಸ, ಕೆನ್ನೆ ಎಲ್ಲವೂ ಗಾಳಿಗೆ ಪಟಪಟ ಅನ್ನುತ್ತವೆ. ಅವಳ ಮುಂದೆ ಯಾರ ಬೆನ್ನೂ ಇಲ್ಲ. ಮುಂದೆ ಕೂತವರಿಗೆ ಇಷ್ಟೊಂದು ಸಿಗುತ್ತದೆ ಅಂತ ನನಗೆ ಅಲ್ಲಿಯವರೆಗೆ ಒಬ್ಬರೂ ಹೇಳಿರಲಿಲ್ಲ. ನಮ್ಮ ಮನೆಯವರ ಮೇಲೆ ನನಗೆ ಹುಟ್ಟಿದ ಸಿಟ್ಟು ಅಷ್ಟಿಷ್ಟಲ್ಲ.

ಮಾರನೇ ಬೆಳಿಗ್ಗೆ ನಾನು ಹ್ಯಾಂಡಲ್ ಹಿಡಿದು ನಿಂತೆ. “ಇವತ್ತು ನೀವು ಹಿಂದೆ ಕೂತ್ಕೊಳ್ಳಿ. ನಾನು ತುಳೀತೀನಿ.” ಅವರು ನಕ್ಕರು. ನಾನು ನಗದೇ ಇದ್ದದ್ದನ್ನು ಕಂಡು ನಗು ನಿಲ್ಲಿಸಿದರು. “ಹೊನ್ನಿ, ನನ್ನ ಮಾನ ಕಳೀಬೇಡ. ಹೆಂಡ್ತಿ ಹಿಂದೆ ಕೂತ್ಕೊಂಡು ಪೇಟೆ ಬೀದೀಲಿ ಹೋಗೋಕಾಗುತ್ತಾ?” “ಗಂಡನ ಹಿಂದೆ ನಾನು ಹೋಗ್ತಿಲ್ವಾ? ನನ್ನ ಮಾನ ಹೋಯ್ತಾ?” ಅಂದೆ. ಅವರು ಕೆರದ ಬಾರು ಸರಿಮಾಡಿಕೊಳ್ಳುವ ನೆಪದಲ್ಲಿ ಬಗ್ಗಿದವರು ಎದ್ದು, ಸೈಕಲ್ ಬಿಟ್ಟು ಗಿರಣಿಗೆ ನಡೆದೇ ಹೋದರು, ಆಮೇಲೂ ಹಾಗೇ.

ನನ್ನ ಹಿಂದೆ ಕೂತವರು ಸೂಲಗಿತ್ತಿ ದೇವೀರಮ್ಮ. ಅವರಿಗೆ ಹೆರಿಗೆಗೆ ಕರೆ ಬಂದರೆ ಕರೆದುಕೊಂಡು ಹೋಗುವವರು ಸಿಗುತ್ತಿದ್ದರು, ವಾಪಸು ಬಿಡುವವರು ಸಿಗುತ್ತಿರಲಿಲ್ಲ. ಕೂಸು ಕೈಗೆ ಬಂದ ಮೇಲೆ ಸೂಲಗಿತ್ತಿ ಯಾರಿಗೆ ಬೇಕು? “ನೀನು ಕಲಿ ಮಗಳೇ, ನಾನು ಕೂತ್ಕೋತೀನಿ. ಬೀಳ್ಸಿದ್ರೆ ಮಾತ್ರ ನಿಮ್ಮನೇಲೇ ಮಲಗಿಸ್ಕೊಂಡು ಗಂಜಿ ಕುಡಿಸ್ಬೇಕು” ಅಂದರು. ಬೀಳಿಸಿದೆ. ಎಷ್ಟು ಸಲ ಬೀಳಿಸಿದೆನೋ. ಚರಂಡಿಗೆ, ಸಗಣಿ ತಿಪ್ಪೆಗೆ, ಒಮ್ಮೆ ಮದುವೆ ಮೆರವಣಿಗೆಯ ಒಳಕ್ಕೆ. ದೇವೀರಮ್ಮ ಪ್ರತಿ ಸಲವೂ ಸೆರಗು ಕೊಡವಿಕೊಂಡು ಮತ್ತೆ ಕೂತರು. ಬೇಸಿಗೆ ಮುಗಿಯುವ ಹೊತ್ತಿಗೆ ನನಗೆ ಸೈಕಲ್ ಬಂತು.

ಆಗ ಶುರುವಾದ ಹುಚ್ಚು ಇನ್ನೂ ಬಿಟ್ಟಿಲ್ಲ. ಏರಿನಲ್ಲಿ ತೊಡೆ ಉರಿಯುವುದು, ಏರು ಮುಗಿದ ತಕ್ಷಣ ಸೈಕಲ್ ತಾನೇ ಒಂದು ಉಸಿರು ಬಿಟ್ಟ ಹಾಗೆ ಹಗುರಾಗುವುದು, ಬೆಳಗಿನ ಗಾಳಿಯಲ್ಲಿ ಯಾರ ಮನೆಯ ಒಗ್ಗರಣೆ ಯಾವುದು ಅಂತ ತಿಳಿಯುವುದು. ಆದರೂ ಆಸೆಗೆ ಮಿತಿ ಇರಬೇಕಲ್ಲ, ಇರಲಿಲ್ಲ. ದೇವೀರಮ್ಮ ಹಿಂದಿನಿಂದ ಊರಿನ ಬಾಣಂತಿಯರ ಕಥೆಯನ್ನೆಲ್ಲ ಹೇಳುತ್ತಿದ್ದರೆ ನನ್ನ ಮನಸ್ಸು ಸಿನಿಮಾದ ಇಳಿಜಾರಿನಲ್ಲಿ ಇರುತ್ತಿತ್ತು. ಅವಳ ಹಾಗೆ ಒಬ್ಬಳೇ ಹೋಗಬೇಕು. ಒಂದು ಸಲ. ದಿನಾ ಬೆಳಿಗ್ಗೆ ಯಾರೂ ಕಾಣದ ಹಾಗೆ ಹಿತ್ತಲಲ್ಲಿ ಸೈಕಲ್ ಹತ್ತಿ ಪೆಡಲ್ ಒತ್ತಿ ನೋಡುತ್ತಿದ್ದೆ. ಅದು ರುಬ್ಬುಗುಂಡಿನ ಹಾಗೆ ಕೂತೇ ಇರುತ್ತಿತ್ತು.

ಚಳಿಗಾಲದಲ್ಲಿ ನಂಜುಂಡಯ್ಯ ಅದೇ ಸಿನಿಮಾ ಮತ್ತೆ ಹಾಕಿದ. ನಾನು ಮತ್ತೆ ಹೋದೆ. ಅದಾದ ಕೆಲವು ದಿನಕ್ಕೆ, ಒಂದು ಬೆಳಿಗ್ಗೆ ದೇವೀರಮ್ಮ ಬರುವುದು ತಡವಾಯಿತು. ಅಭ್ಯಾಸಬಲದಿಂದ ಪೆಡಲ್ ಒತ್ತಿದೆ. ಸೈಕಲ್ ಹೊರಟಿತು.

ಮೊದಲು ನನಗೆ ಬಂದದ್ದು ಖುಷಿಯಲ್ಲ, ಭಯ. ಯಾರೋ ಹಿಂದೆ ಬಂದು ಕೂತಿರಬೇಕು ಅಂದುಕೊಂಡು “ಯಾರದು?” ಅಂತ ಕಿರುಚಿದೆ. ಯಾರೂ ಇರಲಿಲ್ಲ. ಹಿತ್ತಲ ಬಾಗಿಲು ದಾಟಿತು, ಓಣಿ ದಾಟಿತು, ಪೇಟೆ ಬೀದಿಗೇ ಬಂದುಬಿಟ್ಟಿತು. ಕ್ಷೌರದಂಗಡಿಯವನು ಒಬ್ಬರ ಅರ್ಧ ಗಡ್ಡ ಹೆರೆದು ಕತ್ತಿ ಎತ್ತಿ ಹಿಡಿದು ನಿಂತ. ಹೋಟೆಲಿನವನ ಕಾಫಿ ಲೋಟ ತುಂಬಿ, ತಟ್ಟೆ ತುಂಬಿ, ಮೇಜಿನ ಮೇಲೆ ಹರಿಯಿತು. ಪೋಸ್ಟ್‌ಮ್ಯಾನ್‌ನ ತಾಯಿ “ನಿಲ್ಸೋ, ನಿಲ್ಸೋ” ಅಂತ ಮಗನ ಬೆನ್ನಿಗೆ ಗುದ್ದಿದಳು. ಇಡೀ ಬೀದಿ ಬಾಯಿ ಬಿಟ್ಟುಕೊಂಡು ನಿಂತಿತ್ತು, ನನ್ನ ಚೈನಿನ ಸದ್ದೊಂದೇ ಕೇಳುತ್ತಿತ್ತು. ಗಿರಣಿಯ ಮುಂದೆ ಬ್ರೇಕ್ ಒತ್ತಿದೆ. ನಮ್ಮ ಮನೆಯವರು ಹಿಟ್ಟಿನ ಮುಖದಲ್ಲೇ ಹೊರಗೆ ಬಂದು, ನನ್ನನ್ನು ನೋಡಿ, ಸೈಕಲ್ ನೋಡಿ, ಬಗ್ಗಿ ಕ್ಯಾರಿಯರ್ ಕೆಳಗೂ ನೋಡಿದರು. “ಹೆಂಗೆ ಬಂದೆ?” ಅಂದರು. “ತುಳ್ಕೊಂಡು” ಅಂದೆ.

ಆಮೇಲಿನ ದಿನಗಳನ್ನು ಹೇಗೆ ಹೇಳಲಿ? ದೆವ್ವ ಅಂದವರು ಅಂದರು. ದೆವ್ವವಾದರೆ ಹಗಲು ಹೊತ್ತು ಈರುಳ್ಳಿ ತರಲು ಹೋಗುತ್ತದೆಯೇ ಅಂತ ಬೇರೆಯವರು ಅವರ ಬಾಯಿ ಮುಚ್ಚಿಸಿದರು. ಸಿನಿಮಾ ನೋಡಿ ನೋಡಿ ಕಾಲಿಗೆ ಆ ಶಕ್ತಿ ಬಂದಿದೆ ಅನ್ನುವುದು ಹೆಚ್ಚಿನವರ ತೀರ್ಮಾನವಾಯಿತು, ನನ್ನದೂ ಅದೇ. ಪ್ರಾಯದ ಹುಡುಗಿಯರು ಅಪ್ಪಂದಿರ ಸೈಕಲ್ ಕದ್ದು ಹತ್ತಿ ಸಾಲಾಗಿ ಬಿದ್ದರು. ಗಂಡಸರು ಕತ್ತಲಾದ ಮೇಲೆ ಕದ್ದು ಪ್ರಯತ್ನಿಸಿ ಬಿದ್ದರು. ನಾನು ಮಾತ್ರ ಕೆರೆ ಏರಿ ಹತ್ತಿ, ಏರಿ ಇಳಿಯುವ ಕಡೆ ಪೆಡಲ್ ಬಿಟ್ಟು, ಬಾಯಿ ತೆರೆದು ನಗುತ್ತಾ ಹೋಗುತ್ತಿದ್ದೆ. ಅಷ್ಟು ಸಂತೋಷವನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ. ಒಂದೇ ತೊಂದರೆ ಅಂದರೆ ನಿದ್ದೆ. ಮಧ್ಯಾಹ್ನವಾದರೆ ಗಿರಣಿಯಲ್ಲಿ ಹೊಟ್ಟಿನ ಚೀಲಗಳ ಮೇಲೆ ಒರಗಿ, ಆ ಗಡಗಡ ಸದ್ದಿನಲ್ಲೂ ಸತ್ತವಳ ಹಾಗೆ ಮಲಗಿಬಿಡುತ್ತಿದ್ದೆ. ಅಷ್ಟು ತುಳಿದರೆ ಸುಸ್ತಾಗದೆ ಇರುತ್ತದೆಯೇ ಅಂದುಕೊಂಡೆ.

ನಂಜುಂಡಯ್ಯ ಒಂದು ರೇಸ್ ಏರ್ಪಾಡು ಮಾಡಿದ. ಕೆರೆ ತೂಬಿನಿಂದ ಟೆಂಟಿನವರೆಗೆ, ಗೆದ್ದವರಿಗೆ ಸ್ಟೀಲ್ ಕೊಡ. ಗಂಡಸರು ಜೋಡಿ ಜೋಡಿಯಾಗಿ, ನಾನೊಬ್ಬಳು ಒಂಟಿ. ಬಡಗಿ ಮಾದಯ್ಯನೂ ತಮ್ಮನನ್ನು ಹಿಂದೆ ಕೂರಿಸಿಕೊಂಡು ಬಂದಿದ್ದ. ಊರಿಗೆ ಊರೇ ಏರಿಯ ಮೇಲೆ ನಿಂತಿತ್ತು. ಸಿನಿಮಾದವಳ ಹಾಗೆ ನಾನೂ ತಲೆಗೆ ಒಂದು ಕರ್ಚೀಫು ಕಟ್ಟಿದ್ದೆ. ದೇವೀರಮ್ಮ ನನ್ನ ಮುಖವನ್ನೇ ನೋಡುತ್ತಾ “ಯಾಕೋ ಬಿಳಿಚ್ಕೊಂಡಿದೀಯಲ್ಲೇ” ಅಂದರು. “ನಿಮ್ಮ ಕಣ್ಣಿಗೆ ಎಲ್ಲರೂ ಹಂಗೇ ಕಾಣ್ತಾರೆ, ಬಿಡಿ” ಅಂತ ನಕ್ಕೆ. ಟವೆಲ್ ಬೀಸಿದರು, ಹೊರಟೆವು.

ನಾನೇ ಮುಂದಿದ್ದೆ. ಇಬ್ಬಿಬ್ಬರ ಭಾರ ಹೊತ್ತವರು ನನ್ನನ್ನು ಹಿಡಿಯುವುದು ಎಲ್ಲಿ ಬಂತು? ಎರಡೂ ಬದಿಯಲ್ಲಿ “ಹೊನ್ನಕ್ಕಾ, ಹೊನ್ನಕ್ಕಾ” ಅಂತ ಕೂಗುತ್ತಿದ್ದರು. ಏರಿ ತಿರುಗುವ ಕಡೆ, ಇಳಿಜಾರು ಇನ್ನೇನು ಸಿಗಬೇಕು ಅನ್ನುವಾಗ, ಸೈಕಲ್ ನಿಂತಿತು.

ಚೈನ್ ಕಳಚಿರಲಿಲ್ಲ. ಪಂಕ್ಚರ್ ಆಗಿರಲಿಲ್ಲ. ಒತ್ತಿದೆ. ಎದ್ದು ನಿಂತು ಒತ್ತಿದೆ. ಪೆಡಲ್ ಕಲ್ಲಾಗಿತ್ತು. ಜೋಡಿ ಸೈಕಲ್ಲುಗಳು ಒಂದೊಂದಾಗಿ ನನ್ನ ಪಕ್ಕದಲ್ಲೇ ದಾಟಿ ಹೋದವು, ಯಾರೋ ಸೀಟಿ ಹೊಡೆದರು, ಯಾರೋ “ಪಿಕ್ಚರ್ ಮುಗೀತು!” ಅಂದರು, ನಗು ಏರಿಯ ಉದ್ದಕ್ಕೂ ಹರಿಯಿತು. ನನ್ನ ಕಾಲಿನ ಮೇಲೆ ನನಗೇ ಕೋಪ ಬಂದು ತೊಡೆಗೆ ಗುದ್ದಿಕೊಂಡೆ. ಆಮೇಲೆ, ಯಾಕೋ ತಿಳಿಯದು, ಹಿಂದೆ ತಿರುಗಿ ಕ್ಯಾರಿಯರ್ ನೋಡಿದೆ. ಅದು ದಿನಾ ಇದ್ದ ಹಾಗೇ ಖಾಲಿ ಇತ್ತು.

ನಗದೇ ಇದ್ದವನು ಒಬ್ಬನೇ, ಮಾದಯ್ಯ. ಅವನು ಸೈಕಲ್ ನಿಲ್ಲಿಸಿ, ತಮ್ಮನ ಕೈಗೆ ಕೊಟ್ಟು, ನನ್ನ ಹತ್ತಿರ ಬಂದ. ಮುಖದಲ್ಲಿ ರಕ್ತವೇ ಇರಲಿಲ್ಲ. ಹೊರಡದೆ ಇರುವ ಸೈಕಲ್ಲನ್ನು ಊರಲ್ಲಿ ಎಲ್ಲರೂ ದಿನಾ ನೋಡುತ್ತಾರೆ. ಹೋಗುತ್ತಾ ಹೋಗುತ್ತಾ ನಿಂತ ಸೈಕಲ್ಲನ್ನು ಕಂಡವನು ಅವನೊಬ್ಬನೇ. “ಅಕ್ಕಾ, ತುಳೀಬೇಡ” ಅಂದ. “ನಿನ್ನ ಹತ್ರ ಯಾರಿದ್ರಕ್ಕಾ?” ನನಗೆ ಅರ್ಥವಾಗಲಿಲ್ಲ. ಅವನು ಜನರ ಕಡೆ ತಿರುಗಿ, ದೇವೀರಮ್ಮನ ಹೆಸರು ಹಿಡಿದು ಕೂಗಿದ. ಆ ಕೂಗಿಗೆ ಏರಿಯ ಮೇಲಿನ ನಗು ನಿಂತುಹೋಯಿತು.

ಆ ಹೊತ್ತಿಗೆ ನನ್ನ ಕಿಬ್ಬೊಟ್ಟೆಯಲ್ಲಿ ನೋವು ಶುರುವಾಗಿತ್ತು. ದೇವೀರಮ್ಮ ಓಡಿ ಬಂದು ಒಂದು ಕೈ ನನ್ನ ಹೊಟ್ಟೆಯ ಮೇಲಿಟ್ಟು, ಇನ್ನೊಂದು ಕೈಯಿಂದ ತಮ್ಮ ಬಾಯಿ ಮುಚ್ಚಿಕೊಂಡರು. “ಮನೆಗೆ ಕರ್ಕೊಂಡು ಹೋಗ್ಬೇಕು, ಬೇಗ” ಅಂದರು. ನಮ್ಮ ಮನೆಯವರು ಹತ್ತಿರ ಬಂದಿದ್ದರು. “ನೀನು ಹಿಂದೆ ಕೂತ್ಕೋ ಹೊನ್ನಿ, ನಾನು ತುಳೀತೀನಿ” ಅಂದರು. ನಾನು ಹ್ಯಾಂಡಲ್ ಬಿಡಲಿಲ್ಲ. ಹಟವಲ್ಲ, ಬೆರಳುಗಳು ಬಿಚ್ಚುತ್ತಿರಲಿಲ್ಲ. ಅವರು ಬಿಡಿಸಲು ನೋಡಿದರು, ಆಗಲಿಲ್ಲ. ಆಗ ಅವರು ಪಂಚೆ ಎತ್ತಿ ಕಟ್ಟಿ, ಇಡೀ ಊರು ನೋಡುತ್ತಿದ್ದ ಹಾಗೇ, ನನ್ನ ಹಿಂದೆ ಹತ್ತಿ ಕೂತು ನನ್ನ ಸೊಂಟ ಹಿಡಿದುಕೊಂಡರು. “ತುಳಿ. ಮೆಲ್ಲಗೆ. ಇಳಿಜಾರಿದೆ, ತಾನೇ ಹೋಗುತ್ತೆ.” ಸೈಕಲ್ ಹೊರಟಿತು. ಒಬ್ಬರೂ ನಗಲಿಲ್ಲ.

ಮನೆಯಲ್ಲಿ ಎಲ್ಲ ಮುಗಿದ ಮೇಲೆ ದೇವೀರಮ್ಮ ಬಿಸಿನೀರಿನಲ್ಲಿ ಕೈ ತೊಳೆದುಕೊಂಡು ಬಂದು ನನ್ನ ತಲೆಯ ಹತ್ತಿರ ಕೂತರು. ನಾನು ಬಸುರಿಯಾಗಿದ್ದೆ ಅನ್ನುವುದನ್ನೂ ಈಗ ಅಲ್ಲ ಅನ್ನುವುದನ್ನೂ ಅವರು ಒಂದೇ ಉಸಿರಿನಲ್ಲಿ ಹೇಳಿದರು. ಬೇರೆ ಬೇರೆ ಹೇಳುವುದಾದರೂ ಹೇಗೆ? ನನಗೆ ಅಳು ಬರಲಿಲ್ಲ. ಸೂರಿನ ತೊಲೆ ನೋಡುತ್ತಾ ಮಲಗಿದ್ದೆ. “ಸೈಕಲ್ಲಿಂದ ಆಯ್ತಾ?” ಅಂತ ಕೇಳಿದೆ. “ಅಲ್ಲ ಮಗಳೇ. ಮೂಟೆ ಹೊತ್ತವರು ಉಳಿಸ್ಕೊಂಡಿದಾರೆ, ಹಾಸಿಗೆ ಬಿಟ್ಟು ಏಳದವರು ಕಳ್ಕೊಂಡಿದಾರೆ. ಇದು ನಿಲ್ಲೋದಿಕ್ಕೆ ಬಂದಿರಲಿಲ್ಲ, ಅಷ್ಟೇ. ಅದು ಇದೆ ಅಂತ ಸೈಕಲ್ಲಿಗೆ ಗೊತ್ತಾಯ್ತು ನೋಡು. ಇಷ್ಟು ಹೆರಿಗೆ ಮಾಡಿಸಿದ ನನಗೆ ಗೊತ್ತಾಗಲಿಲ್ಲ” ಅಂದು ತಾವೇ ಅಳತೊಡಗಿದರು. ನನಗೆ ಆಗ ಹೊಳೆಯಿತು. ಅಷ್ಟು ದಿನ ಹೋದದ್ದು ನನ್ನ ಕಾಲಿನ ಶಕ್ತಿಯಿಂದಲ್ಲ. ನಾನು ಒಂದು ದಿನವೂ ಒಂಟಿಯಾಗಿ ಸೈಕಲ್ ತುಳಿದಿರಲಿಲ್ಲ. ಕೂಸು ಹೋದ ದುಃಖದ ಪಕ್ಕದಲ್ಲೇ ಇದೂ ಒಂದು ದುಃಖವಾಗಿ ಕೂತಿತು, ಇದನ್ನು ಯಾರ ಹತ್ತಿರ ಹೇಳಿಕೊಳ್ಳಲಿ?

ಊರು ಸುಮ್ಮನಿರುತ್ತದೆಯೇ? ನಾಲ್ಕು ದಿನದಲ್ಲಿ ಎಲ್ಲರಿಗೂ ಲೆಕ್ಕ ಸಿಕ್ಕಿತು. ಈಗ ನಮ್ಮಲ್ಲಿ ಮದುವೆಯಾದ ಮನೆಗಳಲ್ಲಿ ಅತ್ತೆಯಂದಿರು ತಿಂಗಳಿಗೊಮ್ಮೆ ಸೊಸೆಯನ್ನು ಸೈಕಲ್ ಹತ್ತಿಸಿ ನೋಡುತ್ತಾರೆ. ಉರುಳಿದರೆ ಪಾಯಸ, ಉರುಳದಿದ್ದರೆ ಮೂತಿ ಸೊಟ್ಟ. ನಾನು ಗಾಳಿಗೆ ಅಂತ ಹತ್ತಿದ ಸೈಕಲ್ಲನ್ನು ಇವರು ಇದಕ್ಕೆ ಹಚ್ಚಿದರಲ್ಲ ಅಂತ ಮೈಯೆಲ್ಲ ಉರಿಯಿತು. ಆದರೆ ಸೊಸೆಗೆ ಸೈಕಲ್ ಬರದಿದ್ದರೆ ನೋಡುವುದು ಹೇಗೆ? ಹಾಗಾಗಿ ಈಗ ಹುಡುಗಿಯರಿಗೆ ಮದುವೆಗೆ ಮುಂಚೆಯೇ ಸೈಕಲ್ ಕಲಿಸಬೇಕು. ಕಲಿಸುವವಳು ನಾನು. ಒಬ್ಬಳು ಮುಂದೆ ಒಬ್ಬಳು ಹಿಂದೆ, ಆಮೇಲೆ ಅದಲು ಬದಲು. ಒಮ್ಮೆ ಗಾಳಿಯ ರುಚಿ ಸಿಕ್ಕ ಮೇಲೆ ಅವರನ್ನು ಕ್ಯಾರಿಯರ್‌ಗೆ ಕಟ್ಟಿಹಾಕುವುದು ಯಾವ ಅತ್ತೆಯ ಕೈಲೂ ಆಗುತ್ತಿಲ್ಲ, ನೋಡಿ ನನಗೆ ಒಳಗೊಳಗೇ ನಗು.

ಈ ಚಳಿಗಾಲದಲ್ಲಿ ಮತ್ತೆ ಅದೇ ಸಿನಿಮಾ. ಆ ಹುಡುಗಿ ಒಬ್ಬಳೇ ಸೈಕಲ್ ಹತ್ತಿದ ಕೂಡಲೇ ಟೆಂಟಿನಲ್ಲಿ ಯಾರೋ ಕೂಗಿದರು. “ಬಸುರಿ ಕಣ್ರೋ ಅವಳು!” ಎಲ್ಲರೂ ಹೌದು ಹೌದು ಅಂದರು. ಟ್ರಿಕ್ಕು ಅಂದವರೇ ಈಗ ಇದನ್ನು ಅತ್ತಿತ್ತ ಕೂತವರಿಗೆ ವಿವರಿಸುತ್ತಿದ್ದರು. ಕೊನೆಗೆ ಅವಳು ಗೆದ್ದಾಗ ಹೆಂಗಸರು ಕಣ್ಣೊರೆಸಿಕೊಂಡರು, ಕೂಸು ಚೆನ್ನಾಗಿರಲಿ ಅಂತ. ಎದ್ದು ನಿಂತು “ಅಲ್ಲ, ಅವಳೊಬ್ಬಳೇ ಹೋಗಿದ್ದು” ಅಂತ ಕಿರುಚಬೇಕು ಅನ್ನಿಸಿತು. ಕಿರುಚಲಿಲ್ಲ. ಅವಳಿಗೆ ಏನು ಬೇಕಿತ್ತೋ ಅವಳಿಗೇ ಗೊತ್ತು. ನನಗೆ ಒಂಟಿಯಾಗಿ ಹೋಗಬೇಕಿತ್ತು, ಹೋದೆ ಅಂದುಕೊಂಡೆ, ಅದು ಸುಳ್ಳಾಯಿತು. ಆದರೆ ಆ ಏರಿಯ ಮೇಲೆ ಬಾಯಿ ತೆರೆದು ನಕ್ಕದ್ದು ಸುಳ್ಳಲ್ಲ.

ಮಾರನೇ ಬೆಳಿಗ್ಗೆ ಗಿರಣಿಗೆ ಹೊರಟೆವು. ರೇಸಿನ ಆ ದಿನದಿಂದ ಸೈಕಲ್ಲಿನಲ್ಲಿ ಮುಂದೆ ನಾನೇ, ಹಿಂದೆ ಅವರು. ಪೇಟೆಯಲ್ಲಿ ಮೊದಮೊದಲು ಆಡಿಕೊಂಡರು, ಈಗ ಅವರಿಗೂ ರೂಢಿಯಾಗಿದೆ. ಕೆರೆ ಏರಿ ಸುತ್ತು ದಾರಿ, ಆದರೂ ನಾನು ಅದರ ಮೇಲೆಯೇ ಹೋಗುತ್ತೇನೆ. ತಿರುವಿನ ಹತ್ತಿರ ಬಂದಾಗ ಅವರು ದಿನಾ ಮಾತು ನಿಲ್ಲಿಸುತ್ತಾರೆ. ಆ ದಿನ ನಿಲ್ಲಿಸಲಿಲ್ಲ. “ಹೊನ್ನಿ” ಅಂದರು. “ಹಿಂದೆ ಕೂತ್ರೆ ಗಾಳಿನೇ ಸಿಗಲ್ಲ ಕಣೇ. ನಿನ್ನ ಬೆನ್ನೇ ಕಾಣ್ಸುತ್ತೆ.” “ಈಗ ಗೊತ್ತಾಯ್ತಾ?” ಅಂದೆ. ಆಮೇಲೆ ನನ್ನ ಬೆನ್ನಿಗೆ ಹಣೆ ಆನಿಸಿ, ತೀರಾ ಸಣ್ಣ ದನಿಯಲ್ಲಿ ಕೇಳಿದರು. “ಅದಕ್ಕೂ ಸಿಕ್ಕಿರಲ್ಲ ಅಲ್ವಾ? ಅಷ್ಟು ದಿನ ನಿನ್ನ ಜೊತೆ ಬಂದು, ಪಾಪ, ಗಾಳೀನೂ ಕಾಣದೆ ಹೋಯ್ತು.”

ಇಳಿಜಾರು ಬಂತು. ನಾನು ಪೆಡಲ್ ಬಿಟ್ಟೆ. ಕೆರೆಯ ಕಡೆಯಿಂದ ಗಾಳಿ ಬಂದು ಮೊದಲು ಹೊಟ್ಟೆಗೆ ತಾಗಿತು, ಆಮೇಲೆ ಮುಖಕ್ಕೆ.

“ಸಿಕ್ಕಿತ್ತು ರೀ” ಅಂದೆ. “ಅದು ನನ್ನ ಹಿಂದೆ ಕೂತಿರಲಿಲ್ಲ. ನನಗಿಂತ ಮುಂದೆ ಕೂತಿತ್ತು.”